ಸ್ಲೈಡ್ ನಂಬರ್ ಮೂರು

ಫೆಬ್ರುವರಿ 11, 2025, ಮಂಗಳವಾರ. ಧಾರವಾಡ, ರಾತ್ರಿ ಹನ್ನೊಂದಾಗೇತಿ

ಇವತ್ತ ಗದಗ ಜಿಲ್ಲಾದ ಡೋಣಿ ಊರ ಕಡೆ ಹೋಗಿದ್ದೆ, ಕಪ್ಪತಗುಡ್ಡದ ಬುಡಕ್ಕ. ತ್ವಾಳ ಉಳಿಸೂ ನಮ್ಮ ಕೆಲಸದ ರಿಪೋರ್ಟಿಗೆ ನಾಕ್ ಫೋಟೋ ಬೇಕಾಗಿದ್ವು, ಅಷ್ಟ. ಮಾರ್ಚ್ 31 ಹತ್ರ ಬಂತಂದ್ರ ದೊಡ್ಡ ಕಂಪನಿಯವ್ರಿಗೆಲ್ಲಾ ಒಮ್ಮಿಗೇ ಪ್ರಾಣಿ-ಪಕ್ಷಿ ನೆನಪಾಗ್ತಾವ, ಮೂರು ವರ್ಷದ ಸರಾಸರಿ ಲಾಭದಾಗ 2% ಸಿಎಸ್ಆರ್‌ಗೆ, ಅಂದ್ರ ಸಮಾಜದ ಕೆಲಸಕ್ಕ, ಅಂತ ತಗದಿಡಬೇಕಲ್ಲ. ನನ್ನ ಹದಿನೈದು ವರ್ಷದ ನೌಕರಿ ಅಂದ್ರ ಇದ ನೋಡ್ರಿ, ಅವ್ರ ಮಾರ್ಚಿಗೂ ನಮ್ಮ ತ್ವಾಳಕ್ಕೂ ಗಂಟ್ ಹಾಕೂದು. ಹುಲಿ ಇದ್ದಿದ್ರ ಸಲೀಸಿತ್ತು, ಒಂದ್ ಫೋಟೋ ಹಾಕಿದ್ರ ಚೆಕ್ ತಾನ ಬರ್ತಿತ್ತು. ತ್ವಾಳ ಅಂದ್ರ "ಮೇಡಂ, ಇದು ನಾಯಿ ಥರಾನೇ ಕಾಣುತ್ತಲ್ಲ" ಅಂತ ಬೆಂಗಳೂರಾಗ ಒಬ್ರು ಕೇಳಿದ್ರು. ಕಪ್ಪತಗುಡ್ಡ 2019ರಾಗ ಅಭಯಾರಣ್ಯ ಆತ್ರಿ, 244 ಚದರ ಕಿಲೋಮೀಟರ್ ಐತ್ರಿ ಅಂತ ಏನೇನೋ ಹೇಳ್ದೆ. ಅವ್ರು ಫೋನ್ ನೋಡ್ಕೋತ ಕುಂತಿದ್ರು.

ಅವತ್ತ ಕೈ ಹಿಡದದ್ದು ಆ ಅಜ್ಜನ ಮಾತು. ಹೋದ್ ವರ್ಷ ಸಿಕ್ಕಿದ್ನಲ್ಲ ಕುರಿಗಾರ ಅಜ್ಜ, ಬರದಿದ್ದೆ ಇಲ್ಲೇ. ತ್ವಾಳ ಮರಿ ಒಯ್ತಲ್ಲ ಅಜ್ಜಾ ಅಂದ್ರ "ಅದರ ಪಾಲು ಅದು ಒಯ್ತು, ಅದಕೂ ಮಕ್ಳಿರ್ತಾವ" ಅಂದಿದ್ದ. ಸ್ಲೈಡ್ ನಂಬರ್ ಮೂರರಾಗ ಅವನ ಕಂಬಳಿ, ಮಗ್ಗಲಕ್ಕ ಆ ಸಾಲು ದೊಡ್ಡ ಅಕ್ಷರದಾಗ. ಅದು ಬಂದ ಕೂಡ್ಲೇ ಎಲ್ರೂ ಫೋನ್ ಕೆಳಗಿಟ್ರು. ರೊಕ್ಕ ಬಂತು, ಕುರಿ ದೊಡ್ಡಿ ಸುತ್ತ ಕಟ್ಟಾಕ ಬಲೆ ಕೊಡ್ಸಿದ್ವಿ, ರಾತ್ರಿ ಮಿಣುಕೋ ಲೈಟ್ ಕೊಡ್ಸಿದ್ವಿ.

ಇವತ್ತ ಅಜ್ಜ ಇರ್ಲಿಲ್ಲ, ಗದಗಿಗೆ ದವಾಖಾನಿಗೆ ಹೋಗಿದ್ದ. ಅವನ ಹೆಂಡ್ತಿ, ಆಯಿ, ಇದ್ಲು. ಕಡ್ಲಿ ಕಿತ್ತ ಎರಿ ಹೊಲದಾಗ ಕುರಿ ನಿಲ್ಸಿದ್ರು. ಬುಟ್ಟಿ ಡಬ್ಬ ಹಾಕಿ ಬುಡಕ ಎರಡು ಮರಿ, ಅದ್ರಾಗ ಒಂದು ಸಂದಿಯೊಳಗಿಂದ ಮೂಗು ಹೊರಗ ತೂರಿಸಿ ನನ್ನ ಚಪ್ಪಲಿ ಮೂಸಾಕತ್ತಿತ್ತು. ನಾ ದೊಡ್ಡ ಉಮೇದಿಲೆ ಫೋನ್ ತಗದು ಸ್ಲೈಡ್ ತೋರಿಸ್ದೆ.

"ಏನ್ ಬರ್ದೈತಿ, ಓದ ಯವ್ವಾ."

ಓದಿದೆ. ಆಯಿ ಮರಿ ಮೂಗ್ ಒಳಗ ದಬ್ಬಿ ಬುಟ್ಟಿ ಮ್ಯಾಲ ಇನ್ನೊಂದ್ ಕಲ್ ಇಟ್ಲು.

"ಪಾಲು ಅಂದ್ರ ವರ್ಷಕ್ಕೊಂದು. ದೀಪಾವಳಿ ಆದಮ್ಯಾಲ ನಾಕ್ ಹೋದ್ವು. ನಾಕಕ್ಕ ಯಾರ್ ಪಾಲು ಅಂತಾರ? ಲುಕ್ಸಾನ ಅಂತಾರ."

ಪರಿಹಾರಕ್ಕ ಅರ್ಜಿ ಕೊಟ್ರೇನಬೇ ಅಂದೆ, ಅಂದಮ್ಯಾಲ ನನಗ ನಾಚಿಕಿ ಆತು. "ಡಾಕ್ಟರ್ ಬಂದ್ ನೋಡಬೇಕಂತ, ಪಂಚನಾಮಿ ಆಗಬೇಕಂತ. ತ್ವಾಳ ಮರೀನ ಪೂರಾ ಹೊತ್ಕೊಂಡ್ ಹೋಗೈತಿ, ಅವ್ರಿಗೆ ಏನ್ ತೋರಿಸ್ಲಿ, ಬುಟ್ಟಿ ತೋರಿಸ್ಲಾ? ಅವ್ರು ಬರೂತನಕ ಕುಂತ್ರ ಕುರಿ ಏನ್ ತಿನ್ನಬೇಕು, ನಾವು ನಾಳೆ ಬ್ಯಾರೆ ಹೊಲಕ್ಕ." ಸಿಟ್ಟಿಲ್ಲದ ಹೇಳಿದ್ಲು, ಅದ ತ್ರಾಸ್ ಆತು. ಆಮ್ಯಾಲ ಚಾ ಮಾಡಿ ಕೊಟ್ಲು, ಸಕ್ರಿ ಭಾಳ ಹಾಕಿದ್ಲು. ಬಲೆ ಚಲೋ ಐತಂತ. ಲೈಟಿನ ಬ್ಯಾಟರಿ ಹೋಗಿ ಎರಡು ತಿಂಗಳಾತಂತ, ಅದನ್ನ ಚಾ ಕಪ್ ತೊಳಿಯೂವಾಗ ಹೇಳಿದ್ಲು.

ಫೋಟೋ ತಗೀಲೇ ಇಲ್ಲ.

ಬರೂವಾಗ ಶಿರಹಟ್ಟಿ ಕಡೆ ಮಾಗಡಿ ಕೆರಿ ಹತ್ರ ಗಾಡಿ ನಿಲ್ಸು ಅಂತ ಡ್ರೈವರ್‌ಗೆ ಹೇಳ್ದೆ. ಹೊತ್ತ್ ಮುಳುಗಾಕತ್ತಿತ್ತು, ಪಟ್ಟೆತಲೆ ಹೆಬ್ಬಾತು ಸಾಲ್‌ಸಾಲಾಗಿ ಹೊಲಕ್ಕ ಮೇಯಾಕ ಎದ್ವು, ಎಂಥಾ ಗದ್ದಲ ಅಂತೀರಿ! ಮಂಗೋಲಿಯಾದಿಂದ ಹಿಮಾಲಯ ದಾಟಿ ಬಂದು ಶಿರಹಟ್ಟಿ ರೈತನ ಹೊಲ ಹುಡುಕ್ತಾವ. 2024ರ ಜನವರಿಯಾಗ ಈ ಕೆರಿ ರಾಮ್ಸರ್ ಪಟ್ಟಿ, ಅಂದ್ರ ಜಗತ್ತಿನ ಮಹತ್ವದ ಜೌಗುಭೂಮಿಗಳ ಪಟ್ಟಿ, ಸೇರಿದಾಗ ನಾನೂ ಕುಣದಾಡಿದ್ದೆ, ಆ ಒಂದ್ ಶಬ್ದ ಹಾಕಿದ್ರ ಪ್ರಪೋಸಲ್ ತೂಕ ಬ್ಯಾರೇನ. ಇವು ಯಾರ ಹೊಲದಾಗ ರಾತ್ರಿ ಉಣ್ತಾವೋ ಅವರ ಹೆಸರು ಯಾವ ಸ್ಲೈಡಿನ್ಯಾಗೂ ಹಾಕಿಲ್ಲ ನಾನು. ಆದ್ರೂ ಹತ್ತು ನಿಮಿಷ ಬಾಯಿ ತಕ್ಕೊಂಡ್ ಮ್ಯಾಲ ನೋಡ್ಕೋತ ನಿಂತೆ, ಸುಳ್ಳ್ಯಾಕ ಹೇಳ್ಲಿ.

ಮನಿಗೆ ಬಂದ್ ನೋಡಿದ್ರ ಬಾಸ್ ಮೆಸೇಜ್: "ಅಜ್ಜನ ಲೈನ್ ಈ ಸಲಾನೂ ಇರ್ಲಿ, ಮಸ್ತ್ ವರ್ಕ್ ಆಗೇತಿ."

ಲ್ಯಾಪ್‌ಟಾಪ್ ತಗದು ಕುಂತೀನಿ. "ಅದರ ಪಾಲು" ಅನ್ನೂದರ ಮುಂದ "ವರ್ಷಕ್ಕೊಂದು" ಅಂತ ಸೇರಿಸ್ದೆ, ಸಾಲು ಕೆಳಗಿಳದು ಅಜ್ಜನ ಕಂಬಳಿ ಮ್ಯಾಲ ಬಂತು. ಫಾಂಟ್ ಸಣ್ಣ ಮಾಡಿದ್ರ ಹಿಂದ ಕುಂತವ್ರಿಗೆ ಕಾಣೂದಿಲ್ಲ, ಫೋಟೋ ತಗದ್ರ