ಇಲ್ಲ, ಕ್ಯಾಪ್ಟನ್ ಕುಡಿದಿರಲಿಲ್ಲ

ನಾನು ಶಿಪ್ಪಿನಲ್ಲಿ ಕೆಲಸ ಮಾಡುವವನು. ಪ್ರವಾಸಿಗರ ಹಡಗು, ಕೆಲಸ ಬಾರ್ ಕೌಂಟರಿನಲ್ಲಿ, ಓಡಾಟ ಜಾಸ್ತಿ ಕೆರಿಬಿಯನ್ ಕಡೆ. ರಜೆಗೆ ಮಂಗಳೂರಿಗೆ ಬಂದಾಗ ನೆಂಟರು, ಸ್ನೇಹಿತರು ಸೇರಿದ ಕಡೆ ಒಂದು ರಮ್ ಕಾಕ್‌ಟೇಲ್ ಮಾಡಿಕೊಡುತ್ತೇನೆ. ಆ ಕಾಕ್‌ಟೇಲ್ ಹುಟ್ಟಿದ ಊರಿನ ಸಮುದ್ರದಲ್ಲೇ ಮುಳುಗಿದ ಒಂದು ಹಡಗಿನ ಕಥೆಯನ್ನೂ ಹೇಳುತ್ತೇನೆ. ಒಂದು ಗ್ಲಾಸಿಗೆ ಒಂದು ಹಡಗು. ರಮ್ಮು, ಹಡಗು ಎರಡೂ ಒಟ್ಟಿಗೆ ಕಿವಿಗೆ ಬಿದ್ದ ಕೂಡಲೇ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಕ್ಯಾಪ್ಟನ್ ಟೈಟ್ ಇದ್ದನಾ ಹೇಗೆ?"

ಇಲ್ಲ. ಟೈಟ್ ಇರಲಿಲ್ಲ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇನೆ. ಇನ್ನು ಕೇಳುವವರಿಗೆ ಇದನ್ನೇ ಕಳಿಸುತ್ತೇನೆ.

ಕೇಳುವ ರೀತಿಯೇ ನನಗೆ ಸಿಟ್ಟು ತರಿಸುತ್ತದೆ. ಪಕ್ಕದವನಿಗೆ ಕಣ್ಣು ಹೊಡೆದು ಕೇಳುತ್ತಾರೆ. ಉತ್ತರ ಅವರಿಗೆ ಮೊದಲೇ ಗೊತ್ತಿರುತ್ತದೆ, ನಾನು ಹೂಂ ಅನ್ನಬೇಕು ಅಷ್ಟೇ. ಹೋದ ರಜೆಯಲ್ಲಿ ಚಿಕ್ಕಮ್ಮನ ಮಗಳ ಮೆಹಂದಿಯ ದಿನವೂ ಹೀಗೇ ಆಯಿತು. ಅಂಗಳದಲ್ಲಿ ಶಾಮಿಯಾನ, ಒಂದು ಕಡೆ ಡಿಜೆ, ಇನ್ನೊಂದು ಕಡೆ ಕೋಳಿ ಸುಕ್ಕದ ಪಾತ್ರೆ. ನಾನು ಮೂಲೆಯ ಮೇಜಿನಲ್ಲಿ ಪೇನ್‌ಕಿಲ್ಲರ್ ಎಂಬ ಕಾಕ್‌ಟೇಲ್ ಮಾಡುತ್ತಿದ್ದೆ. ಎರಡು ಪಾಲು ಡಾರ್ಕ್ ರಮ್, ನಾಲ್ಕು ಪಾಲು ಅನಾನಸು ರಸ, ಒಂದು ಪಾಲು ಕಿತ್ತಳೆ ರಸ, ಒಂದು ಪಾಲು ಸಿಹಿ ತೆಂಗಿನ ಕ್ರೀಮ್. ಅಲ್ಲಿಯವರು ಕ್ರೀಮನ್ನು ಡಬ್ಬಿಯಿಂದ ಹಾಕುತ್ತಾರೆ. ನಾನು ಗಟ್ಟಿ ಕಾಯಿಹಾಲಿಗೆ ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ದಪ್ಪ ಆಗುವ ತನಕ ಕಾಯಿಸಿ ತಣಿಸಿಟ್ಟಿದ್ದೆ. ಎಲ್ಲವನ್ನೂ ಐಸ್ ಜೊತೆ ಚೆನ್ನಾಗಿ ಕುಲುಕಿ ಗ್ಲಾಸಿಗೆ ಬಗ್ಗಿಸಿ ಮೇಲೆ ಜಾಯಿಕಾಯಿ ತುರಿಯಬೇಕು. ಅಂಗಡಿಯ ಪುಡಿ ಬೇಡ. ಕಾಯನ್ನು ಆಗಲೇ ತುರಿದರೆ ರಮ್ಮಿನ ವಾಸನೆಗಿಂತ ಮೊದಲು ಅದರ ಪರಿಮಳ ಮೂಗಿಗೆ ಬರುತ್ತದೆ.

ಈ ಪಾನೀಯ ಹುಟ್ಟಿದ್ದು ಬ್ರಿಟಿಷ್ ವರ್ಜಿನ್ ದ್ವೀಪಗಳ ಜೋಸ್ಟ್ ವಾನ್ ಡೈಕ್ ಎಂಬ ಸಣ್ಣ ದ್ವೀಪದಲ್ಲಿ, 1970ರ ದಶಕದಲ್ಲಿ. ಬಾರಿನ ಹೆಸರು ಸಾಗಿ ಡಾಲರ್, ಅಂದರೆ ಒದ್ದೆ ಡಾಲರ್. ಅಲ್ಲಿ ದೋಣಿ ಕಟ್ಟಲು ಜಾಗ ಇರಲಿಲ್ಲ. ಗಿರಾಕಿಗಳು ಈಜಿಕೊಂಡು ಬಂದು ಒದ್ದೆ ನೋಟು ಕೊಡುತ್ತಿದ್ದರು. ಅದೇ ದ್ವೀಪಗಳ ನಡುವೆ, ಸಾಲ್ಟ್ ಐಲ್ಯಾಂಡ್ ಪಕ್ಕದಲ್ಲಿ, ರೋನ್ ಎಂಬ ಬ್ರಿಟಿಷ್ ಅಂಚೆ ಹಡಗು ಮುಳುಗಿ ಬಿದ್ದಿದೆ. ನಾನು ಅದರ ಕಥೆ ಹೇಳುತ್ತಾ ಬಾಯ್ಲರ್ ಒಡೆಯುವ ಜಾಗಕ್ಕೆ ಬಂದಿದ್ದೆ. ಭಾವ ಗ್ಲಾಸು ಎತ್ತಿ ಹಿಡಿದು, "ಅಲ್ಲ ಮಾರಾಯ, ಅದೆಲ್ಲ ಇರ್ಲಿ. ಕ್ಯಾಪ್ಟನ್ ಟೈಟ್ ಇದ್ದನಾ ಹೇಗೆ?" ಅಂದರು. ಎಲ್ಲರೂ ನಕ್ಕರು. ಡಿಜೆ ಹಾಡು ಶುರುವಾಯಿತು. ಕಥೆ ಅಲ್ಲಿಗೇ ನಿಂತಿತು.

ಇಲ್ಲಿ ಪೂರ್ತಿ ಹೇಳುತ್ತೇನೆ, ಯಾರೂ ಬಾಯಿ ಹಾಕುವಂತಿಲ್ಲ.

1867ರ ಅಕ್ಟೋಬರ್ 29. ರೋನ್ ಹಡಗು ಅದೇ ದ್ವೀಪಗಳಲ್ಲಿ ಒಂದಾದ ಪೀಟರ್ ದ್ವೀಪದ ಗ್ರೇಟ್ ಹಾರ್ಬರಿನಲ್ಲಿ ಲಂಗರು ಹಾಕಿತ್ತು. ಎರಡು ವರ್ಷ ಹಿಂದೆ ಲಂಡನ್ನಿನಲ್ಲಿ ಕಟ್ಟಿದ ಕಬ್ಬಿಣದ ಹಡಗು, ಉದ್ದ 94 ಮೀಟರ್. ಹಬೆಯ ಎಂಜಿನ್ನೂ ಇತ್ತು, ಹಾಯಿಯೂ ಇತ್ತು. ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಇಳಿಯತೊಡಗಿತು, ಅಂದರೆ ಬಿರುಗಾಳಿಯ ಸೂಚನೆ. ಚಂಡಮಾರುತದ ಕಾಲ ಮುಗಿಯಿತು ಎಂದು ಎಲ್ಲರೂ ಅಂದುಕೊಂಡಿದ್ದ ದಿನಗಳು. ರೇಡಿಯೋ ಇಲ್ಲ, ಉಪಗ್ರಹ ಇಲ್ಲ, ಎಚ್ಚರಿಸುವವರೂ ಇಲ್ಲ. ಬಿರುಗಾಳಿ ಬಂದು ಹಡಗನ್ನು ಅಲ್ಲಾಡಿಸಿತು, ಆಮೇಲೆ ಇದ್ದಕ್ಕಿದ್ದಂತೆ ನಿಂತಿತು. ಚಂಡಮಾರುತದ ನಡುವೆ ಗಾಳಿ ಇಲ್ಲದ ಕಣ್ಣು ಇರುತ್ತದೆ. ಅದು ದಾಟಿದ ಮೇಲೆ ಗಾಳಿ ಎದುರು ದಿಕ್ಕಿನಿಂದ ಬೀಸುತ್ತದೆ. ಆ ಕಣ್ಣಿನೊಳಗೆ ಕ್ಯಾಪ್ಟನ್ ವೂಲಿ ತೀರ್ಮಾನ ಮಾಡಬೇಕಿತ್ತು. ಬಂದರಿನಲ್ಲೇ ಇದ್ದರೆ ದಡಕ್ಕೆ ಬಡಿಯುವ ಭಯ. ತೆರೆದ ಸಮುದ್ರದಲ್ಲಿ ಎಂಜಿನ್ ನಂಬಿಕೊಂಡು ಗಾಳಿಯನ್ನು ಎದುರಿಸಬಹುದು. ಹೊರಡುವುದು ಎಂದಾಯಿತು. ಲಂಗರು ತಳದಲ್ಲಿ ಸಿಕ್ಕಿಕೊಂಡು ಸರಪಳಿ ತುಂಡಾಯಿತು, ಅದನ್ನು ಅಲ್ಲೇ ಬಿಟ್ಟು ಹೊರಟರು. ಸಾಲ್ಟ್ ಐಲ್ಯಾಂಡ್ ದಾಟಿದ್ದರೆ ತೆರೆದ ಸಮುದ್ರ. ದಾಟುವ ಮೊದಲೇ ಗಾಳಿ ತಿರುಗಿ ಹೊಡೆದು ಹಡಗನ್ನು ಬ್ಲ್ಯಾಕ್ ರಾಕ್ ಪಾಯಿಂಟಿನ ಬಂಡೆಗೆ ಎಸೆಯಿತು. ತಣ್ಣೀರು ನುಗ್ಗಿ ಕೆಂಡದಂತಿದ್ದ ಬಾಯ್ಲರ್‌ಗಳು ಒಡೆದವು. ಹಡಗು ಎರಡು ತುಂಡಾಯಿತು. ನೂರಕ್ಕೂ ಹೆಚ್ಚು ಜನ ಸತ್ತರು. ಬದುಕಿದ್ದು 23 ಮಂದಿ.

ಹಿಂಭಾಗ ಈಗಲೂ ಜಾಸ್ತಿ ಆಳದಲ್ಲಿಲ್ಲ. ಸ್ನಾರ್ಕೆಲ್ ಹಾಕಿಕೊಂಡು ಮೇಲಿಂದ ನೋಡಿದರೂ ಕಂಚಿನ ಪ್ರೊಪೆಲ್ಲರ್ ಕಾಣಿಸುತ್ತದೆ. ಹವಳದಲ್ಲಿ ಹೂತುಹೋದ ಒಂದು ಬೆಳ್ಳಿ ಚಮಚವನ್ನೂ ಡೈವ್ ಗೈಡ್‌ಗಳು ತೋರಿಸುತ್ತಾರೆ. ಅಲೆ ಎಳೆದುಕೊಂಡು ಹೋದಾಗ ಕ್ಯಾಪ್ಟನ್ ಟೀ ಕದಡುತ್ತಿದ್ದ, ಇದು ಅವನದ್ದೇ ಚಮಚ ಎಂಬುದು ಅಲ್ಲಿಯವರ ಮಾತು. ಟೀ ಭಾವ, ಟೀ.

ಈ ಪ್ರಶ್ನೆ ಜನರಿಗೆ ಯಾಕೆ ಇಷ್ಟ ಅಂತ ನನಗೆ ಗೊತ್ತು. ಕುಡಿದಿದ್ದ ಅಂದುಬಿಟ್ಟರೆ ಮುಗಿಯಿತು, ಮತ್ತೆ ತಿಳಿಯುವುದಕ್ಕೆ ಏನೂ ಉಳಿಯುವುದಿಲ್ಲ. ಸತ್ತವರ ತಪ್ಪು, ನಾವು ಹಾಗಲ್ಲ, ಮುಂದಿನ ಗ್ಲಾಸು ಕೊಡು. ದೂರದ ಹಡಗು ಅಲ್ವಾ, ಹಾಗಾಗಿ ಸಲೀಸು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಜನರ ಸಮೇತ ಕಾಣೆಯಾಯಿತು. ಮಾಲ್ವಣದ ಹತ್ತಿರ ಸಮುದ್ರದ ತಳದಲ್ಲಿ ಬೋಟು ಪತ್ತೆಯಾಗುವಾಗ 2019ರ ಮೇ ಬಂದಿತ್ತು. ಆ ತಿಂಗಳುಗಳಲ್ಲಿ ಕರಾವಳಿಯ ಯಾವ ಮನೆಯಲ್ಲೂ ತಾಂಡೇಲ, ಅಂದರೆ ಬೋಟು ನಡೆಸುವವನು, ಕುಡಿದಿದ್ದನಾ ಅಂತ ಯಾರೂ ನಗಾಡಿದ್ದನ್ನು ನಾನು ಕೇಳಿಲ್ಲ. ಎಲ್ಲರೂ ಕೇಳುತ್ತಿದ್ದದ್ದು ಏನಾಯಿತು, ಎಲ್ಲಿ ಆಯಿತು ಅಂತ. ರೋನ್‌ನಲ್ಲಿ ಸತ್ತವರಿಗೂ ಮನೆಯಲ್ಲಿ ಕಾಯುವವರು ಇದ್ದರು.

ಹಡಗಿನಲ್ಲಿ ಕುಡಿತವೇ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಬ್ರಿಟಿಷ್ ನೌಕಾಪಡೆ ನಾವಿಕರಿಗೆ ದಿನವೂ ರಮ್ ಕೊಡುತ್ತಿತ್ತು. ಪೀಪಾಯಿಯ ನೀರು ಕೊಳೆಯುತ್ತಿತ್ತು, ಬಿಯರ್ ಹುಳಿಯುತ್ತಿತ್ತು, ರಮ್ ಮಾತ್ರ ಹಾಳಾಗುತ್ತಿರಲಿಲ್ಲ. ಒಬ್ಬನಿಗೆ ದಿನಕ್ಕೆ ಅರ್ಧ ಪಿಂಟ್, ಅಂದರೆ ಸುಮಾರು 284 ಮಿಲಿ. ಅಮಲು ಮಿತಿ ಮೀರಿದ್ದಕ್ಕೇ 1740ರಲ್ಲಿ ಅಡ್ಮಿರಲ್ ವರ್ನನ್ ಅದಕ್ಕೆ ನಾಲ್ಕು ಪಟ್ಟು ನೀರು ಬೆರೆಸಿ ಎರಡು ಸಲ ಹಂಚಬೇಕು ಅಂತ ಆಜ್ಞೆ ಮಾಡಿದ. ಪಾಲು ಕಡಿಮೆಯಾಗುತ್ತಾ ಬಂದು 1970ರ ಜುಲೈ 31ಕ್ಕೆ ಪೂರ್ತಿ ನಿಂತಿತು. ಇದನ್ನೆಲ್ಲ ನಾನೇ ಖುಷಿಯಿಂದ ಹೇಳುತ್ತೇನೆ. ಆದರೆ ರಮ್ ಇತ್ತು ಅನ್ನುವುದು ಬೇರೆ, ರಮ್ಮಿನಿಂದ ಮುಳುಗಿತು ಅನ್ನುವುದು ಬೇರೆ.

ನನ್ನನ್ನು ಕೇಳಬೇಕಾದ ಪ್ರಶ್ನೆ ಇದು: ಆ ಹಡಗು ಅಲ್ಲಿಗೆ ಯಾಕೆ ಹೋಗಿತ್ತು?

ಇದನ್ನು ಕೇಳಿದರೆ ರಮ್ಮಿಗೂ ಮುಳುಗಿದ ಹಡಗಿಗೂ ನಿಜವಾದ ನಂಟು ಏನು ಅಂತ ತಿಳಿಯುತ್ತದೆ. 1492ರ ಕ್ರಿಸ್‌ಮಸ್ ರಾತ್ರಿ ಕೊಲಂಬಸ್ಸಿನ ಸಾಂತಾ ಮರಿಯಾ ಈಗಿನ ಹೈಟಿಯ ತೀರದಲ್ಲಿ ನೆಲಕ್ಕೆ ತಾಗಿತು. ಚುಕ್ಕಾಣಿ ಒಬ್ಬ ಹುಡುಗನ ಕೈಯಲ್ಲಿತ್ತು, ಉಳಿದವರು ನಿದ್ದೆಯಲ್ಲಿದ್ದರು. ಒಡೆದ ಹಡಗಿನ ಮರದಲ್ಲೇ ಕೋಟೆ ಕಟ್ಟಿ 39 ಜನರನ್ನು ಬಿಟ್ಟು ಅವನು ವಾಪಸು ಹೋದ. 1493ರಲ್ಲಿ ಮತ್ತೆ ಬಂದಾಗ ಆ 39 ಜನರಲ್ಲಿ ಒಬ್ಬರೂ ಬದುಕಿರಲಿಲ್ಲ. ಎರಡನೇ ಸಲ ಅವನ ಹಡಗಿನಲ್ಲಿ ಬಂದದ್ದು ಕಬ್ಬು. ಆ ಕಬ್ಬಿನಿಂದ ಸಕ್ಕರೆ, ಸಕ್ಕರೆಯಿಂದ ಉಳಿದ ಕಾಕಂಬಿ, ಆ ಕಾಕಂಬಿಯಿಂದ ಮುಂದಿನ ಶತಮಾನಗಳಲ್ಲಿ ರಮ್. ಸಕ್ಕರೆಗಾಗಿಯೇ ಯುರೋಪಿನ ಹಡಗುಗಳು ಚಂಡಮಾರುತದ ಸಮುದ್ರಕ್ಕೆ ಸಾಲುಗಟ್ಟಿದವು.

ಕಬ್ಬು ಅರೆದವರು ಆಫ್ರಿಕಾದಿಂದ ಹಿಡಿದು ತಂದ ಜನ. ನಮ್ಮ ಆಲೆಮನೆಯ ಹಾಗೆಯೇ ಗಾಣ, ಕೊಪ್ಪರಿಗೆ, ಬೆಂಕಿ. ಆದರೆ ಅಲ್ಲಿ ಗಾಣದ ಪಕ್ಕದಲ್ಲಿ ಒಂದು ಕೊಡಲಿಯನ್ನೂ ಇಡುತ್ತಿದ್ದರು, ಕೈ ಸಿಕ್ಕಿಕೊಂಡರೆ ತೋಳು ಕಡಿಯುವುದಕ್ಕೆ. ಆ ಜನರನ್ನು ತರುತ್ತಿದ್ದ ಲೂಸ್ಡನ್ ಎಂಬ ಡಚ್ ಹಡಗು 1738ರ ಜನವರಿ 1ರಂದು ಸುರಿನಾಮಿನ ಮರೋನಿ ನದಿಯ ಬಾಯಲ್ಲಿ ಮರಳಿಗೆ ಸಿಕ್ಕಿಕೊಂಡಿತು. ಬಂಧಿಗಳು ಮೇಲೆ ಬಂದರೆ ದೋಣಿಗಳಿಗೆ ಮುಗಿಬೀಳುತ್ತಾರೆ ಎಂಬ ಭಯಕ್ಕೆ ಸಿಬ್ಬಂದಿ ಅವರನ್ನು ಕೆಳಗೇ ಕೂಡಿ ಹಾಕಿ ಬಾಗಿಲಿಗೆ ಮೊಳೆ ಹೊಡೆದರು. 660ಕ್ಕೂ ಹೆಚ್ಚು ಜನ ಒಳಗೇ ಮುಳುಗಿ ಸತ್ತರು. ಸಿಬ್ಬಂದಿ ಪಾರಾದರು. ಚಿನ್ನದ ಪೆಟ್ಟಿಗೆ ಉಳಿಸಿ ತಂದದ್ದಕ್ಕೆ ಅವರಿಗೆ ಇನಾಮು ಸಿಕ್ಕಿತು. ಇದು ಅಮಲಿನಲ್ಲಿ ಆದ ಎಡವಟ್ಟಲ್ಲ, ಲೆಕ್ಕ ಹಾಕಿ ಮಾಡಿದ ಕೆಲಸ. ಈ ಹಡಗಿನ ಕಥೆಯನ್ನೂ ಹೇಳುತ್ತೇನೆ, ಆದರೆ ಅದಕ್ಕೆ ಗ್ಲಾಸು ಇಡುವುದಿಲ್ಲ.

ರೋನ್‌ಗೂ ಅದೇ ಪ್ರಶ್ನೆ ಹಾಕಿ ನೋಡಿ. ಅದು ಸಾಮಾನ್ಯವಾಗಿ ನಿಲ್ಲಬೇಕಾಗಿದ್ದದ್ದು ಹತ್ತಿರದ ಸೇಂಟ್ ಥಾಮಸ್ ದ್ವೀಪದ ಬಂದರಿನಲ್ಲಿ. ಅಲ್ಲಿ ಹಳದಿ ಜ್ವರ ಹಬ್ಬಿತ್ತು, ಹಾಗಾಗಿ ಕಲ್ಲಿದ್ದಲು, ಅಂಚೆಯ ಕೆಲಸವನ್ನು ಪೀಟರ್ ದ್ವೀಪಕ್ಕೆ ಬದಲಾಯಿಸಿದ್ದರು. ಜ್ವರದಿಂದ ತಪ್ಪಿಸಿಕೊಳ್ಳಲು ಹೋದ ಜಾಗದಲ್ಲಿ ಗಾಳಿ ಹಿಡಿಯಿತು.

ಇಷ್ಟಾದ ಮೇಲೂ ಕುಡಿದ ಹಡಗೇ ಬೇಕು ಅನ್ನುವವರಿಗೆ ಒಂದಿದೆ, ಸೀ ವೆಂಚರ್. 1609ರ ಜೂನ್‌ನಲ್ಲಿ ಇಂಗ್ಲೆಂಡಿನ ಪ್ಲಿಮತ್ತಿನಿಂದ ಅಮೆರಿಕದ ವರ್ಜೀನಿಯಾಕ್ಕೆ ಹೊರಟ ಒಂಬತ್ತು ಹಡಗುಗಳಲ್ಲಿ ಮುಖ್ಯವಾದದ್ದು. ಜುಲೈಯಲ್ಲಿ ಬಿರುಗಾಳಿಗೆ ಸಿಕ್ಕಿ ಹಲಗೆಗಳ ಸಂದು ಬಿಟ್ಟು ನೀರು ನುಗ್ಗಿತು. ಒಂದು ತೂತಿಗೆ ಮಾಂಸದ ತುಂಡುಗಳನ್ನೂ ತುರುಕಿದರು. ಸುಮಾರು 150 ಜನ ಹಗಲು ರಾತ್ರಿ ನೀರು ಎತ್ತಿ ಚೆಲ್ಲಿದರು. ಇನ್ನು ಕೈ ಸಾಗದು ಅನ್ನಿಸಿದಾಗ ಕೆಲವರು ಇದ್ದಬದ್ದ ಮದ್ಯ ತಂದು, ಒಬ್ಬರಿಗೊಬ್ಬರು ವಿದಾಯ ಹೇಳಿ ಕುಡಿದರು. ಇದನ್ನು ಬರೆದಿಟ್ಟವನು ಅದೇ ಹಡಗಿನ ಪ್ರಯಾಣಿಕ ಜೋರ್ಡೇನ್. ಅಡ್ಮಿರಲ್ ಸೋಮರ್ಸ್ ಮಾತ್ರ ಮೂರು ದಿನದಿಂದ ಸರಿಯಾಗಿ ಊಟ, ನಿದ್ದೆ ಇಲ್ಲದೆ ಹಡಗಿನ ಹಿಂಭಾಗದಲ್ಲಿ ಕೂತು ದಾರಿ ನೋಡುತ್ತಿದ್ದ. ನೆಲ ಕಂಡದ್ದು ಅವನಿಗೆ. ಹಡಗು ಬರ್ಮುಡಾದ ಬಂಡೆಗಳ ನಡುವೆ ಸಿಕ್ಕಿ ನಿಂತಿತು. ಒಬ್ಬರೂ ಸಾಯಲಿಲ್ಲ.

ಈ ಕಥೆಗೆ ನಾನು ಬರ್ಮುಡಾದ ಡಾರ್ಕ್ ಆ್ಯಂಡ್ ಸ್ಟಾರ್ಮಿ ಮಾಡುತ್ತೇನೆ. ಖಾರದ ಜಿಂಜರ್ ಬಿಯರ್ ಎಂಬ ಶುಂಠಿ ಪಾನೀಯ, ಅದರ ಮೇಲೆ ನಿಧಾನಕ್ಕೆ ಬಿಟ್ಟ ಕಪ್ಪು ರಮ್, ಒಂದು ಹೋಳು ಲಿಂಬೆ. ಕದಡಬಾರದು. ದ್ವೀಪದಲ್ಲಿ ಅವರಿಗೆ ಹಂದಿ, ಆಮೆ, ಮೀನು, ಹಕ್ಕಿ ಬೇಕಾದಷ್ಟು ಸಿಕ್ಕಿತು. ಕೆಲವರು ವರ್ಜೀನಿಯಾಕ್ಕೆ ಹೋಗುವುದೇ ಬೇಡ ಅಂತ ದಂಗೆ ಎದ್ದರು, ಹೆನ್ರಿ ಪೇನ್ ಎಂಬವನನ್ನು ಅದಕ್ಕೇ ಗುಂಡಿಟ್ಟು ಕೊಂದರು. ಉಳಿದವರು ಅಲ್ಲಿಯ ಸೀಡರ್ ಮರದಿಂದ, ಒಡೆದ ಹಡಗಿನ ಸಾಮಾನಿನಿಂದ ಎರಡು ಹಡಗು ಕಟ್ಟಿ 1610ರ ಮೇನಲ್ಲಿ ವರ್ಜೀನಿಯಾದಲ್ಲಿದ್ದ ಇಂಗ್ಲಿಷರ ವಸಾಹತು ಜೇಮ್ಸ್‌ಟೌನ್ ತಲುಪಿದರು. ಅಲ್ಲಿ ಬದುಕಿದ್ದವರು ಸುಮಾರು 60 ಜನ, ಎಲ್ಲರೂ ಹಸಿವಿನಿಂದ ಸಾಯುವ ಹಂತದಲ್ಲಿ. ಹಡಗು ಒಡೆದವರು ತಂದ ಬುತ್ತಿಯನ್ನು ಮೊದಲೇ ದಡ ಸೇರಿದ್ದವರು ತಿಂದರು. ಜೇಮ್ಸ್‌ಟೌನಿನಲ್ಲಿ ಹಾಗೆ ಯಾಕಾಯಿತು ಅಂತ ಕೇಳಿ. ಎರಡನೇ ಗ್ಲಾಸು ಮಾಡುತ್ತಾ ಹೇಳುತ್ತೇನೆ.