ಒಂದು ಅಟ್ಟೆ ಮಲ್ಲಿಗೆ

ಅಮ್ಮನದ್ದೊಂದು ಹರಕೆ ಬಾಕಿ ಇತ್ತು. ಬಪ್ಪನಾಡು ಜಾತ್ರೆಯ ಶಯನೋತ್ಸವಕ್ಕೆ, ಅಂದರೆ ದೇವಿ ಹೂವಿನ ಮೇಲೆ ಮಲಗುವ ರಾತ್ರಿಗೆ, ಒಂದು ಅಟ್ಟೆ ಮಲ್ಲಿಗೆ. ನನ್ನ ಮಗಳು ಏಳೂವರೆ ತಿಂಗಳಿಗೇ ಹುಟ್ಟಿ, ಹದಿನೆಂಟು ದಿನ ಗಾಜಿನ ಪೆಟ್ಟಿಗೆಯೊಳಗೆ ಮಲಗಿದ್ದಳು. ಆಗ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅಮ್ಮ ಹೇಳಿಕೊಂಡ ಹರಕೆ ಅದು. ಮಗು ಉಳಿಯಿತು. ಈಗ ಮನೆ ತುಂಬ ಓಡಾಡುತ್ತಾಳೆ. ಹರಕೆ ತೀರಿಸಲು ಅಮ್ಮನೇ ಉಳಿಯಲಿಲ್ಲ. ಕಳೆದ ಮಳೆಗಾಲದಲ್ಲಿ ಹೋಗಿಬಿಟ್ಟರು.

ಈ ಸಲ ಜಾತ್ರೆ ಹತ್ತಿರ ಬಂದಾಗ ನಾನೇ ಉಡುಪಿ ಹತ್ತಿರದ ಶಂಕರಪುರಕ್ಕೆ ಹೋದೆ. ಹೂವನ್ನು ಮಂಗಳೂರಿನ ಮಾರ್ಕೆಟ್‌ನಲ್ಲೇ ತೆಗೆದುಕೊಳ್ಳಬಹುದಿತ್ತು. ಆದರೆ ಅಮ್ಮ ಹೂ ತರುತ್ತಿದ್ದದ್ದು ಒಂದೇ ಮನೆಯಿಂದ. ಹಿತ್ತಲಲ್ಲಿ ಎಪ್ಪತ್ತು ಎಂಬತ್ತು ಗಿಡ ಇಟ್ಟುಕೊಂಡ ಒಬ್ಬ ಬಾಯಮ್ಮನ ಮನೆ. ಕ್ರೈಸ್ತ ಹೆಂಗಸರನ್ನು ನಾವು ಕರೆಯುವುದು ಹಾಗೆ. ನಾನು ಅಲ್ಲಿಗೆ ಮುಟ್ಟಿದಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಅವರು ಸೊಂಟಕ್ಕೆ ಬಟ್ಟೆಯ ಚೀಲ ಕಟ್ಟಿಕೊಂಡು ಸಾಲಿನ ಮೊದಲ ಗಿಡದ ಎದುರು ನಿಂತರು. ಶಿಲುಬೆಯ ಗುರುತು ಮಾಡಿಕೊಂಡರು. ಆಮೇಲೆ ಮೊದಲ ಮೊಗ್ಗು ಕೊಯ್ದರು.

ಹೊರಗಿನವರಿಗೆ ಅಟ್ಟೆಯ ಲೆಕ್ಕ ಗೊತ್ತಿರುವುದಿಲ್ಲ. ಎಂಟುನೂರು ಮೊಗ್ಗು ಸೇರಿದರೆ ಒಂದು ಚೆಂಡು. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಅಮ್ಮ ಬಾಯಿಮಾತಿನಲ್ಲಿ ಹೇಳಿದ ಒಂದು ಹರಕೆಗೆ 3,200 ಮೊಗ್ಗು! ಎಲ್ಲವನ್ನೂ ಒಂದೊಂದಾಗಿ ಕೊಯ್ಯಬೇಕು, ಒಂದೊಂದಾಗಿ ಕಟ್ಟಬೇಕು. ದಾರ ಅಲ್ಲ, ಬಾಳೆಯ ನಾರು. ನೀರಲ್ಲಿ ನೆನೆಸಿ, ಉಗುರಿನಿಂದ ಸಪೂರ ಸೀಳಿಕೊಂಡ ನಾರು. ಬಾಯಮ್ಮ ಅದರ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಕೂತರು. ಎಡಗೈಯಲ್ಲಿ ಮೊಗ್ಗು ಜೋಡಿಸುತ್ತಾರೆ, ಬಲಗೈ ನಾರನ್ನು ಒಂದು ಸುತ್ತು ತಂದು ಎಳೆಯುತ್ತದೆ. ಮೊಗ್ಗು ನಲುಗಬಾರದು, ಗಂಟು ಸಡಿಲವೂ ಆಗಬಾರದು. ನಾನು ಕೈ ಹಾಕಿ ನೋಡಿದೆ. ಮೂರನೇ ಗಂಟಿಗೇ ಎರಡು ಮೊಗ್ಗು ತುಂಡಾಗಿ ಬಿದ್ದವು. ಅವರು ಏನೂ ಹೇಳದೆ ನನ್ನ ಕೈಯಿಂದ ನಾರು ತೆಗೆದುಕೊಂಡರು.

ಈ ಮಲ್ಲಿಗೆಗೆ ಜಿಐ ಟ್ಯಾಗ್ ಇದೆ, ಮುಂಬೈಗೂ ಗಲ್ಫಿಗೂ ಹೋಗುತ್ತದೆ. ದಿನದ ರೇಟು ಶಂಕರಪುರದಲ್ಲೇ ನಿಗದಿಯಾಗುತ್ತದೆ. ಅದೆಲ್ಲ ಪೇಪರಿನಲ್ಲಿ ಬರುತ್ತದೆ. ಬಾಯಮ್ಮ ಹೇಳಿದ್ದು ಬೇರೆ. "ನಿಮ್ಮ ಜಾತ್ರೆಗೆ, ನಮ್ಮ ರೋಸಿಗೆ, ಬ್ಯಾರಿಗಳ ಮದುವೆಗೆ, ಎಲ್ಲದಕ್ಕೂ ಇದೇ ಗಿಡ. ಆಟಿ ತಿಂಗಳಲ್ಲಿ ಮಾತ್ರ ಯಾರಿಗೂ ಬೇಡ." ರೋಸ್ ಅಂದರೆ ಕ್ರೈಸ್ತರ ಮದುವೆಗೆ ಮುಂಚಿನ ಶಾಸ್ತ್ರ, ಬ್ಯಾರಿಗಳು ಕರಾವಳಿಯ ಮುಸ್ಲಿಮರು, ಆಟಿ ಶುಭಕಾರ್ಯ ಇಲ್ಲದ ಮಳೆಗಾಲದ ತುಳು ತಿಂಗಳು. ಹಣ ತೆಗೆದುಕೊಂಡರು. ಚೆಂಡುಗಳನ್ನು ಬಾಳೆಲೆಯಲ್ಲಿ ಸುತ್ತಿ ಕೊಡುವಾಗ ಮಾತ್ರ ಒಂದು ಕ್ಷಣ ಎರಡೂ ಕೈಯಲ್ಲಿ ಹಿಡಿದುಕೊಂಡು, "ನಿನ್ನ ಅಮ್ಮನದ್ದು ಅಲ್ವಾ" ಅಂದರು.

ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನ ಇರುವುದು ಮುಲ್ಕಿಯಲ್ಲಿ, ಶಾಂಭವಿ ಹೊಳೆಯ ದಡದಲ್ಲಿ. ಇಲ್ಲಿ ದೇವಿ ಲಿಂಗರೂಪಿ. ಕ್ಷೇತ್ರದ ಕಥೆ ಕರಾವಳಿಯ ಮಕ್ಕಳಿಗೂ ಗೊತ್ತು. ಬಪ್ಪ ಎಂಬ ಬ್ಯಾರಿ ವ್ಯಾಪಾರಿಯ ದೋಣಿ ಹೊಳೆಯಲ್ಲಿ ನಿಂತುಬಿಟ್ಟಿತಂತೆ, ನೀರು ಕೆಂಪಾಯಿತಂತೆ. ರಾತ್ರಿ ದೇವಿ ಅವನ ಕನಸಿಗೆ ಬಂದು ಗುಡಿ ಕಟ್ಟಿಸು ಎಂದಳಂತೆ. ಮುಲ್ಕಿಯ ಸಾವಂತ ಅರಸರ ನೆರವಿನಿಂದ ಗುಡಿ ಎದ್ದಿತು. ಊರಿಗೆ ಬಪ್ಪನ ಹೆಸರೇ ಬಂತು. ಈಗಲೂ ಜಾತ್ರೆಯಲ್ಲಿ ಬಪ್ಪನ ಮನೆತನಕ್ಕೆ ಮೊದಲ ಪ್ರಸಾದ.

ಚಿಕ್ಕವಳಿದ್ದಾಗ ಅಮ್ಮನನ್ನು ಕೇಳಿದ್ದೆ, ದೇವಿ ಬೇರೆ ಯಾರ ಕನಸಿಗೂ ಬರಬಹುದಿತ್ತಲ್ವಾ, ಬ್ಯಾರಿಯ ಕನಸಿಗೇ ಯಾಕೆ ಬಂದಳು ಅಂತ. ಅಮ್ಮ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತದೆ, "ಅವನ ದೋಣಿ ಅಲ್ವಾ ನಿಂತದ್ದು" ಅಂದರು. ಆಗ ಇದೂ ಒಂದು ಉತ್ತರವಾ ಅನ್ನಿಸಿತ್ತು. ಈಗ ಯೋಚಿಸಿದರೆ ಎಷ್ಟು ಸಹಜವಾದ ಮಾತು ಅದು. ಹತ್ತಿರ ಇದ್ದವನನ್ನು ದೇವಿ ಕರೆದಳು. ಅವನು ಯಾರು ಅಂತ ಮೊದಲು ವಿಚಾರಿಸಲಿಲ್ಲ.

ಜಾತ್ರೆಯಲ್ಲಿ ಅಮ್ಮ ಬಳೆ ತೆಗೆದುಕೊಳ್ಳುತ್ತಿದ್ದದ್ದು ಒಬ್ಬರೇ ಬ್ಯಾರಿಯ ಹತ್ತಿರ. ಹೆಸರು ನಮಗೆ ಗೊತ್ತಿರಲಿಲ್ಲ, ಎಲ್ಲರಿಗೂ ಅವರು ಕಾಕ. ಅಮ್ಮನ ಕೈ ಗಡುಸು. ಆದರೂ ಒಂದು ಬಳೆಯನ್ನೂ ಒಡೆಯದೆ ಹಸಿರು ಗಾಜಿನ ಡಜನ್ ಬಳೆ ತೊಡಿಸುತ್ತಿದ್ದರು. 2022ರ ಮಾರ್ಚ್‌ನಲ್ಲಿ ಕರಾವಳಿಯ ಹಲವು ಜಾತ್ರೆಗಳ ಸುತ್ತ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಅವಕಾಶವಿಲ್ಲ ಎಂಬ ಬ್ಯಾನರ್‌ಗಳು ಬಂದವಲ್ಲ, ಆ ವರ್ಷ ಕಾಕ ಇರಲಿಲ್ಲ. ಅಮ್ಮ ಗದ್ದೆಯ ಬದಿಯ ಅಂಗಡಿಸಾಲಿನಲ್ಲಿ ಎರಡು ಸಲ ಹೋಗಿ ಬಂದರು. ಬೇರೆ ಬಳೆ ಅಂಗಡಿ ಇತ್ತು. ತೆಗೆದುಕೊಳ್ಳಲಿಲ್ಲ. ಬಸ್ಸಿನಲ್ಲಿ ಬರಿಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಿದ್ದರು. "ಬಪ್ಪನ ಊರಿನಲ್ಲಿ ಹೀಗಾ" ಅಂತ ಒಂದೇ ಮಾತು. ನನಗೆ ಅಂದು ಆದ ನೋವು ಇನ್ನೂ ಕಡಿಮೆಯಾಗಿಲ್ಲ. ದೇವರ ಹೆಸರಿನಲ್ಲಿ ಒಬ್ಬರ ಹೊಟ್ಟೆಪಾಡಿಗೆ ಕಲ್ಲು ಹಾಕುವುದನ್ನು ನಾನು ಭಕ್ತಿ ಅಂತ ಒಪ್ಪಲಾರೆ.

ಆಮೇಲೆ ಇನ್ನೂ ಕೆಟ್ಟ ದಿನಗಳು ಬಂದವು. 2025ರ ಏಪ್ರಿಲ್ ಕೊನೆಯಿಂದ ಮೇ ಕೊನೆಯೊಳಗೆ ಮಂಗಳೂರಿನ ಸುತ್ತಮುತ್ತ ಮೂರು ಕೊಲೆಗಳಾದವು. ಅಂಗಡಿಗಳ ಬಾಗಿಲು ಬಿತ್ತು. ಕೆಲಸಕ್ಕೆ ಹೋದವರು ಮನೆ ಮುಟ್ಟುವವರೆಗೆ ಫೋನ್ ಕೈಯಲ್ಲೇ ಹಿಡಿದು ಕೂರುವ ಹಾಗಾಯಿತು. ಸತ್ತವರು ಯಾವ ಧರ್ಮದವರು ಅಂತ ನೋಡಿ ದುಃಖ ಪಡುವವರನ್ನು ಆಗ ಕಂಡೆ. ಪ್ರತಿ ಸಲವೂ ಮನೆಯಲ್ಲಿ ಒಬ್ಬ ತಾಯಿ ಕಾಯುತ್ತಿದ್ದಳು ಅಲ್ವಾ.

ಶಯನೋತ್ಸವದ ರಾತ್ರಿ ಅಂಗಳ ತುಂಬ ಜನ. ಎಲ್ಲರ ಕೈಯಲ್ಲೂ ಬಾಳೆಲೆಯ ಪೊಟ್ಟಣ. ಹೂ ಒಪ್ಪಿಸುವ ಸಾಲು ನಿಧಾನ ಸಾಗುತ್ತದೆ. ನನ್ನ ಸರದಿ ಬಂದಾಗ ಅಮ್ಮನ ಹೆಸರು, ನಕ್ಷತ್ರ ಹೇಳಿದೆ. ಗಂಟಲು ಕಟ್ಟಿತು. ಪೊಟ್ಟಣ ನನ್ನ ಕೈ ಬಿಟ್ಟು, ಒಂದರ ಮೇಲೊಂದು ಬಿದ್ದ ಸಾವಿರಾರು ಚೆಂಡುಗಳ ರಾಶಿಗೆ ಸೇರಿತು. ಆಮೇಲೆ ಯಾವುದು ಯಾರದ್ದೋ ಕಾಣಲಿಲ್ಲ. ಇಷ್ಟೂ ಹೂವಿನ ಮೇಲೆ ದೇವಿ ಮಲಗುತ್ತಾಳೆ. ಬಾಗಿಲು ಹಾಕುತ್ತಾರೆ. ಬೆಳಿಗ್ಗೆ ಕವಾಟೋದ್ಘಾಟನೆ.

ಅಲ್ಲಿಯವರೆಗೆ ಗೋಡೆಗೆ ಒರಗಿ ಕೂತೆ. ಚೀಲದಲ್ಲಿ ಅಮ್ಮನ ದಾಸರ ಪದಗಳ ಪುಸ್ತಕ ಇತ್ತು. ಹಳೆಯ ಪೇಪರಿನ ರಟ್ಟು, ಅರಿಶಿನದ ಕಲೆ, ಒಂದು ಪುಟದಲ್ಲಿ ಒಣಗಿ ಅಂಟಿಕೊಂಡ ತುಳಸಿ. ಅಮ್ಮ ದಿನಾ ಸಂಜೆ ಇದನ್ನೇ ಹಾಡುತ್ತಿದ್ದರು. ದಾಸರ ಪದಗಳು ಮೊದಲ ಸಲ ಅಚ್ಚಾದದ್ದು ನಮ್ಮ ಮಂಗಳೂರಿನಲ್ಲಿ, 1850ರಲ್ಲಿ. ಅಚ್ಚು ಮಾಡಿಸಿದವರು ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್, ಜರ್ಮನಿಯಿಂದ 1836ರಲ್ಲಿ ಇಲ್ಲಿಗೆ ಬಂದ ಪಾದ್ರಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರ ಜುಲೈ 1ರಂದು ಹೊರತಂದದ್ದೂ ಅವರೇ. ಅವರು ಬಂದದ್ದು ತಮ್ಮ ಮತವನ್ನು ಸಾರಲಿಕ್ಕೆ. ಅದನ್ನು ಮುಚ್ಚಿಡುವ ಅಗತ್ಯ ಇಲ್ಲ. ಆದರೆ ಇಲ್ಲಿನವರ ಬಾಯಲ್ಲಿದ್ದ ಹಾಡಿಗೆ ಅವರು ಕಿವಿ ಕೊಟ್ಟರು, ಕೃಷ್ಣನ ಹಾಡನ್ನು ಒಂದೊಂದಾಗಿ ಕೂಡಿಸಿದರು. ನನಗೆ ಬಾಯಮ್ಮನ ಬೆರಳು ಕಣ್ಣ ಮುಂದೆ ಬಂತು. ಮೊಗ್ಗು ಜೋಡಿಸುವುದು, ನಾರು ಸುತ್ತುವುದು. ಅಮ್ಮನಿಗೆ ಈ ವಿಷಯ ಹೇಳಿದ್ದೆ. ಅಂದಿನಿಂದ ಪುಸ್ತಕ ತೆರೆಯುವ ಮೊದಲು ಮೋಗ್ಲಿಂಗರಿಗೂ ಒಂದು ಕೈ ಮುಗಿಯುತ್ತಿದ್ದರು.

ಪಕ್ಕದಲ್ಲಿ ಉಡುಪಿಯ ಒಬ್ಬ ಅಜ್ಜಿ ಕೂತಿದ್ದರು. ಮಾತು ಎಲ್ಲಿಂದಲೋ ಪೇಜಾವರ ಮಠದ ವಿಶ್ವೇಶತೀರ್ಥ ಸ್ವಾಮಿಗಳ ಕಡೆಗೆ ತಿರುಗಿತು. 2017ರ ರಂಜಾನಿನಲ್ಲಿ, ತಮ್ಮ ಐದನೇ ಪರ್ಯಾಯದ, ಅಂದರೆ ಕೃಷ್ಣಪೂಜೆಯ ಸರದಿಯ, ಕಾಲದಲ್ಲಿ, ಅವರು ಕೃಷ್ಣಮಠದಲ್ಲೇ ಮುಸ್ಲಿಮರಿಗೆ ಇಫ್ತಾರ್ ಏರ್ಪಡಿಸಿದ್ದರು. ದೊಡ್ಡ ಗಲಾಟೆಯೇ ಆಯಿತು. ಸ್ವಾಮಿಗಳು ತಾವು ಮಾಡಿದ್ದನ್ನು ಬಿಟ್ಟುಕೊಡಲಿಲ್ಲ. ಅಜ್ಜಿ ಹೇಳಿದರು, "ಉಪವಾಸ ಇದ್ದವರಿಗೆ ಊಟ ಹಾಕಿದ್ದು ಮಗಾ. ಏಕಾದಶಿ ಮಾಡುವವರಿಗೆ ಉಪವಾಸ ಏನಂತ ಗೊತ್ತಿಲ್ವಾ?" ಎಲ್ಲ ವಿಷಯದಲ್ಲೂ ಸ್ವಾಮಿಗಳ ಮಾತು ನನಗೆ ಒಪ್ಪಿಗೆ ಅಂತಲ್ಲ. ಈ ಒಂದು ಕೆಲಸಕ್ಕೆ ಮನಸ್ಸು ತುಂಬಿ ಕೈ ಮುಗಿಯುತ್ತೇನೆ.

ಬೆಳಿಗ್ಗೆ ಬಾಗಿಲು ತೆರೆದಾಗ ಮೊದಲು ಹೊರಗೆ ಬಂದದ್ದು ಪರಿಮಳ. ಜನ ಒಮ್ಮೆಲೇ ಸುಮ್ಮನಾದರು. ನಿನ್ನೆಯ ಮೊಗ್ಗೆಲ್ಲ ಒಳಗೆ ಅರಳಿತ್ತು. ನನಗೆ ಒಂದು ಚೆಂಡು ಪ್ರಸಾದ ಸಿಕ್ಕಿತು. ಅಂಚು ಸ್ವಲ್ಪ ಕಂದಾಗಿತ್ತು, ಕುಂಕುಮ ತಾಗಿತ್ತು. ಹೊರಗೆ ಬಂದು ಮಗಳ ತಲೆಗೆ ಒಂದು ತುಂಡು ಮುಡಿಸಿದೆ. ಉಳಿದದ್ದನ್ನು ಮನೆಗೆ ಒಯ್ಯಲು ಮನಸ್ಸಾಗಲಿಲ್ಲ. ಉಡುಪಿ ಬಸ್ಸು ಹತ್ತಿ, ಕಟಪಾಡಿಯಲ್ಲಿ ಇಳಿದು, ಪುನಃ ಶಂಕರಪುರಕ್ಕೆ ಹೋದೆ.

ಬಾಯಮ್ಮ ಆ ದಿನದ ಹೂ ಕಟ್ಟಿ ಮುಗಿಸಿ ಕಾಲು ಚಾಚಿ ಕೂತಿದ್ದರು. ಪ್ರಸಾದ ಕೊಟ್ಟೆ. ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಅಭ್ಯಾಸ ನೋಡಿ, ಚೆಂಡನ್ನು ತಿರುಗಿಸಿ ನಾರಿನ ಮೇಲೆ ಉಗುರು ಆಡಿಸಿದರು.

"ಈ ಗಂಟು ನನ್ನದಲ್ಲ," ಅಂದರು. "ಯಾರದ್ದೋ. ಚೆನ್ನಾಗಿ ಕಟ್ಟಿದ್ದಾರೆ."

ಒಂದು ಮೊಳ ಬಿಡಿಸಿ ತಮ್ಮ ಬಿಳಿಕೂದಲ ಸೂಡಿಗೆ ಸಿಕ್ಕಿಸಿಕೊಂಡು, ಚಾ ಇಡಲು ಒಳಗೆ ಹೋದರು.