ಲಿವರ್ ಬೆಳೆಯುತ್ತೆ, ಕಿಡ್ನಿ ಯಾಕೆ ಬೆಳೆಯಲ್ಲ?

ಕಿಡ್ನಿ ಹೇಗೆ ಹುಟ್ಟುತ್ತದೆ ಅನ್ನೋದು ನನ್ನ ಓದಿನ ವಿಷಯ. ಹಾಗಾಗಿ ತೀರ್ಥಹಳ್ಳಿ ಕಡೆ ಯಾವ ಮದುವೆಗೆ ಹೋದರೂ ಊಟದ ಪಂಕ್ತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: "ಲಿವರ್ ಕತ್ತರಿಸಿದರೂ ಮತ್ತೆ ಬೆಳೆಯುತ್ತಂತೆ, ಹಾಳಾದ ಕಿಡ್ನಿ ಯಾಕೆ ಬೆಳೆಯಲ್ಲ?" ಬಾಳೆದಿಂಡು ತಿಂದರೆ ಬೆಳೆಯುತ್ತಾ ಅಂತ ಇನ್ನೊಬ್ಬರು. ಇಲ್ಲ, ಬೆಳೆಯಲ್ಲ.

ಗರ್ಭದ ಐದನೇ ವಾರದ ಹೊತ್ತಿಗೆ ಒಂದು ನಾಳದಿಂದ ಪುಟ್ಟ ಮೊಗ್ಗು ಹೊರಟು ಪಕ್ಕದ ಸಡಿಲ ಜೀವಕೋಶಗಳ ಗುಂಪಿಗೆ ನುಗ್ಗುತ್ತದೆ. ಅದನ್ನು ಕರೆಯುವುದು ಆ ಕೋಶಗಳೇ, ಜಿಡಿಎನ್‌ಎಫ್ ಎಂಬ ಪ್ರೋಟೀನ್ ಸುರಿಸಿ. ಮೊಗ್ಗು ಕವಲೊಡೆಯುತ್ತದೆ, ವಿಂಟ್ 9ಬಿ ಎಂಬ ಸಂಕೇತ ಕೊಡುತ್ತದೆ. ಆಗ ತುದಿಯ ಸುತ್ತ ಇದ್ದ ಒಂದಷ್ಟು ಕೋಶಗಳು ಅಲೆದಾಟ ಬಿಟ್ಟು, ಒತ್ತೊತ್ತಾಗಿ ಸೇರಿ, ಟೊಳ್ಳು ಉಂಡೆಯಾಗಿ, ಆಮೇಲೆ ಉದ್ದವಾಗಿ ಬಾಗಿ, ಕೊನೆಗೆ ರಕ್ತ ಸೋಸುವ ನೆಫ್ರಾನ್ ಆಗುತ್ತವೆ.

ಈ ಅಂಟುವ ಕೆಲಸ ಮುಖ್ಯವಾಗಿ ಕ್ಯಾಡ್ಹೆರಿನ್‌ಗಳದ್ದು. 1980ರ ದಶಕದಲ್ಲಿ ಜಪಾನಿನ ಮಸಾತೋಷಿ ಟಕೆಯಿಚಿ ಈ ಪ್ರೋಟೀನ್‌ಗಳನ್ನು ಗುರುತಿಸಿದರು. ಕೋಶದ ಮೈಮೇಲೆ ಇರುತ್ತವೆ, ಕ್ಯಾಲ್ಸಿಯಂ ತೆಗೆದರೆ ಹಿಡಿತ ಬಿಡುತ್ತವೆ. ಒಂದು ಬಗೆಯದು ಸಾಮಾನ್ಯವಾಗಿ ತನ್ನ ಬಗೆಯದನ್ನೇ ಹುಡುಕಿ ಹಿಡಿಯುತ್ತದೆ, ಅದೇ ಪಂಕ್ತಿಯಲ್ಲಿ ಗಂಡಿನ ಕಡೆಯವರೆಲ್ಲ ಒಟ್ಟಿಗೆ ಕೂರುವ ಹಾಗೆ. ಸಡಿಲವಾಗಿದ್ದಾಗ ಕೋಶಗಳಲ್ಲಿ ಇರುವುದು ಕ್ಯಾಡ್ಹೆರಿನ್ 11. ನೆಫ್ರಾನ್ ರೂಪ ತಾಳುವಾಗ ಅದು ಹೋಗಿ ಬೇರೆಯವು ಬರುತ್ತವೆ: ಮೊದಲ ಕೊಳವೆಯಾಗುವ ಕಡೆ ಕ್ಯಾಡ್ಹೆರಿನ್ 6, ಮೊಗ್ಗಿಗೆ ಬೆಸೆಯುವ ದೂರದ ತುದಿಯಲ್ಲಿ ಇ-ಕ್ಯಾಡ್ಹೆರಿನ್. ಮೊಗ್ಗಿನಲ್ಲೂ ಇ-ಕ್ಯಾಡ್ಹೆರಿನ್ ಇದೆ. ನೆಫ್ರಾನ್ ಮತ್ತು ಮೊಗ್ಗಿನ ಕವಲು, ಈ ಎರಡು ಕೊಳವೆಗಳು ಒಂದಕ್ಕೊಂದು ಬೆಸೆದುಕೊಳ್ಳದಿದ್ದರೆ ಮೂತ್ರಕ್ಕೆ ದಾರಿಯೇ ಇಲ್ಲ ಅಲ್ವಾ, ನನಗಂತೂ ಇಡೀ ಕಥೆಯಲ್ಲಿ ಇದೇ ಜಾಸ್ತಿ ಬೆರಗು. ಇಷ್ಟಾದರೂ ಎಲ್ಲವೂ ಒಂದೇ ಪ್ರೋಟೀನ್ ಮೇಲೆ ನಿಂತಿಲ್ಲ. ಕ್ಯಾಡ್ಹೆರಿನ್ 6 ಇಲ್ಲದ ಇಲಿಗಳಲ್ಲೂ ಕಿಡ್ನಿ ಆಗುತ್ತದೆ, ನೆಫ್ರಾನ್ ಕೆಲವು ಕಡಿಮೆ, ಅಷ್ಟೇ.

ಈಗ ಉತ್ತರ. ನೆಫ್ರಾನ್ ಆಗಬಲ್ಲ ಆ ಸಡಿಲ ಕೋಶಗಳ ದಾಸ್ತಾನು ಗರ್ಭದ 36ನೇ ವಾರದ ಸುಮಾರಿಗೆ ಪೂರ್ತಿ ಖರ್ಚಾಗುತ್ತದೆ. ಕಿಡ್ನಿಯೊಂದಕ್ಕೆ ಸುಮಾರು 10 ಲಕ್ಷ ನೆಫ್ರಾನ್, ಒಬ್ಬರಿಂದೊಬ್ಬರಿಗೆ ತುಂಬ ಹೆಚ್ಚುಕಮ್ಮಿ. ಆಮೇಲೆ ಹೊಸದಿಲ್ಲ. ಒಂದು ಕಿಡ್ನಿ ದಾನ ಕೊಟ್ಟವರಲ್ಲಿ ಉಳಿದದ್ದು ದೊಡ್ಡದಾಗುತ್ತದೆ ನಿಜ, ಆದರೆ ಊದುವುದು ಇದ್ದ ನೆಫ್ರಾನ್‌ಗಳೇ.

"ಮತ್ತೆ ಇಲಿಜ್ವರ ಬಂದು ಡಯಾಲಿಸಿಸ್ ಮಾಡಿಸಿಕೊಂಡವರು ಹುಷಾರಾದರಲ್ಲ?" ಅಂತ ಮಳೆಗಾಲದ ಗದ್ದೆ ಕೆಲಸ ಬಲ್ಲವರು ಕೇಳುತ್ತಾರೆ. ಒಳ್ಳೇ ಪ್ರಶ್ನೆ. ಅಲ್ಲಿ ಪೆಟ್ಟು ಬಿದ್ದದ್ದು ಕೊಳವೆಯ ಗೋಡೆಗೆ, ಉಳಿದ ಕೋಶಗಳು ಒಂದು ಎರಡಾಗಿ ಸಂಖ್ಯೆ ಹೆಚ್ಚಿಸಿಕೊಂಡು ಗೋಡೆಗೆ ತೇಪೆ ಹಾಕಿದವು. ನೆಫ್ರಾನೇ ಸತ್ತು ಗಾಯದ ಕಲೆಯಾದರೆ ಆ ಅವಕಾಶ ಇಲ್ಲ.

ಲ್ಯಾಬಿನಲ್ಲಿ ಬೆಳೆಸಬಹುದಲ್ವಾ ಅಂದರೆ, ಬೇರೆ ಬೇರೆ ಬಗೆಯ ಕೋಶಗಳಾಗಬಲ್ಲ ಕಾಂಡಕೋಶಗಳಿಂದ (ಸ್ಟೆಮ್ ಸೆಲ್) ಪುಟ್ಟ ನೆಫ್ರಾನ್ ಗುಂಪುಗಳನ್ನು ಆಸ್ಟ್ರೇಲಿಯಾದ ಮೆಲಿಸಾ ಲಿಟಲ್ ತಂಡ 2015ರಲ್ಲೇ ಬೆಳೆಸಿ ತೋರಿಸಿದೆ. ಅವು ಇನ್ನೂ ಭ್ರೂಣದ ಹಂತದವು. ಮೂತ್ರ ಹೊರಗೆ ಹರಿಸುವ ಏರ್ಪಾಡು ಅವಕ್ಕಿಲ್ಲ.